ಮುಳ್ಳು ನಿಲ್ಲುವವರೆಗೆ

ಕುಹ್ಮೊ ಊರಿನ ಮುಚ್ಚಿದ ಹಾಲಿನ ಡೇರಿಯ ಹಿಂದೆ
ರೌನಿ ಕ್ಯುಲ್ಲೊನೆನ್ ಕೋವಿ ರಿಪೇರಿ ಮಾಡುತ್ತಿದ್ದಳು.
ಕಡಲು ಅಲ್ಲಿಂದ ಇನ್ನೂರು ಕಿಲೋಮೀಟರ್;
ಆದರೂ ರೇಡಿಯೋದಲ್ಲಿ ದಿನಾ ಕಡಲ ಹವಾಮಾನ:
ಗಾಳಿ ಇಷ್ಟು, ಅಲೆ ಇಷ್ಟು, ಮಂಜು ಇಲ್ಲ.
"ಯಾರದೋ ದೋಣಿಗೆ ಬೇಕಾದೀತು" ಅನ್ನುತ್ತಿದ್ದಳು.
ಅವಳ ಲೇತಿನಡಿ ಉದುರಿದ ಉಕ್ಕಿನ ಸುರುಳಿ ಗುಡಿಸುವವನು ನಾನು.
ಆಗ ಹತ್ತೊಂಬತ್ತು ವರ್ಷ, ಅವಸರ ಜಾಸ್ತಿ.

ಅಕ್ಟೋಬರಿನಲ್ಲಿ ಟೆರ್ಹೊ ಬಂದ.
ಬಟ್ಟೆ ಸುತ್ತಿದ ರೈಫಲ್ ಮೇಜಿನ ಮೇಲಿಟ್ಟ,
ಪಕ್ಕದಲ್ಲಿ ಸೈಲೆನ್ಸರ್,
ಬೆಂದು ಬಿರಿದ ಆಲೂಗಡ್ಡೆಯ ಹಾಗೆ.
ನಳಿಗೆಯ ತುದಿಗೆ ತಾನೇ ತಿರುಪು ಕೊರೆದಿದ್ದನಂತೆ
ಟ್ರ್ಯಾಕ್ಟರ್ ಶೆಡ್ಡಿನಲ್ಲಿ, ಒಂದು ಭಾನುವಾರ.
ಕೆಟ್ಟ ಕೆಲಸವಲ್ಲ. ಎಳೆ ಎಳೆಯೂ ಚೂಪು, ಹೊಳಪು;
ಏರಿಸಿದರೆ, ಇಳಿಸಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ರೌನಿ ಕನ್ನಡಕ ಏರಿಸಿ ಕೇಳಿದ್ದು ಒಂದೇ:
"ನಡು ಎಲ್ಲಿದೆ ಅಂತ ಯಾರನ್ನು ಕೇಳಿದೆ?"
ಅವನು ನಳಿಗೆಯ ಮೈ ಸವರಿದ. "ಇದನ್ನೇ."

ಮೈಯನ್ನು ಕೇಳಬಾರದು.
ಮೈಗೆ ಪಾಲಿಶ್ ಗೊತ್ತು, ಕಪ್ಪು ಬಣ್ಣ ಗೊತ್ತು,
ಒಳಗಿನ ಓಣಿ ಗೊತ್ತಿಲ್ಲ.
ಆ ಓಣಿ ತೋಡಿದ ಡ್ರಿಲ್ಲು ಕತ್ತಲಲ್ಲೇ ನಡೆದದ್ದು;
ಎಲ್ಲೋ ಒಂದು ಕಡೆ ಎಳ್ಳಿನ ಸಿಪ್ಪೆಯಷ್ಟು ಮಗ್ಗುಲಾಗಿರುತ್ತದೆ,
ಹೊರಗಿನ ದುಂಡಿಗೆ ಅದರ ಸುದ್ದಿಯೇ ಮುಟ್ಟಿರುವುದಿಲ್ಲ.
ಗುಂಡು ನಂಬಿದ್ದು ಓಣಿಯನ್ನು,
ತಿರುಪು ನಂಬಿದ್ದು ಗೋಡೆಯನ್ನು.
ತುದಿಯಲ್ಲಿ ಸಿಪ್ಪೆಯಷ್ಟಿದ್ದದ್ದು
ಒಂದು ಗೇಣು ದಾಟುವಷ್ಟರಲ್ಲಿ ಎಳ್ಳೇ ಆಗುತ್ತದೆ,
ಸೈಲೆನ್ಸರಿನೊಳಗೆ ಸಾಲುಗಟ್ಟಿ ನಿಂತ ತಟ್ಟೆಗಳ ತೂತು
ಅಷ್ಟು ಉದಾರಿಯಲ್ಲ.
ಮೂರನೆಯ ತಟ್ಟೆಗೆ ತಾಗಿತ್ತು.

"ನಾಯಿಯ ಕಿವಿ ಉಳೀಲಿ ಅಂತಲೇ ಹಾಕಿಸಿದ್ದು"
ಅಂದ ಟೆರ್ಹೊ, ಕಿಟಕಿ ನೋಡುತ್ತ.
ವ್ಯಾನಿನಲ್ಲಿದ್ದಳು ಟುಹ್ಕಾ. ಹೆಸರಿಗೆ ಬೂದಿ ಎಂದರ್ಥ, ಬಣ್ಣವೂ ಬೂದಿ.
ಏಳು ಶರತ್ಕಾಲ ಅವನಿಗಾಗಿ ಮೂಸ್ ಅಟ್ಟಿ ನಿಲ್ಲಿಸಿದವಳು.
ಮೊದಲ ಗುಂಡು ಪರೀಕ್ಷಿಸುವಾಗ ಕಾಲ ಬಳಿಯೇ ಕೂತಿದ್ದಳು.
ನಾನು ಹೊರಗೆ ಹೋಗಿ ಶಿಳ್ಳೆ ಹಾಕಿದೆ.
ಬಲಗಡೆಯಿಂದ ಹಾಕಿದರೆ ಬಾಲ ಆಡಿಸಿದಳು.
ಎಡಗಡೆಗೆ ಬಂದು ಹಾಕಿದೆ.
ಹಿಮ ಬೀಳುವುದನ್ನು ನೋಡುತ್ತಲೇ ಇದ್ದಳು.

ರೌನಿ ಬೈಯಲಿಲ್ಲ. ಕಾಫಿ ಬಗ್ಗಿಸಿ ಏಲಕ್ಕಿ ಬನ್ನು ಕೊಟ್ಟಳು.
ಹಾಳಾದ ತುದಿ ಕೊಯ್ದು ನಳಿಗೆಯನ್ನು ಲೇತಿಗೆ ಕಚ್ಚಿಸಿದಳು.
ಓಣಿಯೊಳಗೆ ಒಂದು ಸಲಾಕೆ, ಸಲಾಕೆಯ ಮೇಲೆ ಡಯಲ್ಲಿನ ಮುಳ್ಳು.
ಒಂದು ಸುತ್ತು. ಮುಳ್ಳು ನಡುಗಿತು.
ಕೀಲಿಗೆ ಕಾಲು ತಿರುವು. ಮತ್ತೆ ಸುತ್ತು.
ಇತ್ತ ಸಡಿಲಿಸಿ ಅತ್ತ ಬಿಗಿದಳು,
ಅತ್ತ ಸಡಿಲಿಸಿ, ಉಸಿರು ಹಿಡಿದು, ಇತ್ತ.
ಎರಡು ಗಂಟೆ ಚೂರು ಉಕ್ಕೂ ಕತ್ತರಿಸಲಿಲ್ಲ.
ನನಗೆ ಗುಡಿಸಲು ಏನೂ ಇರಲಿಲ್ಲ.
ರೇಡಿಯೋ ಕಡಲನ್ನು ಮತ್ತೊಮ್ಮೆ ಓದಿತು.
ಈಗ ಲೇತು ತಿರುಗುವಾಗ ನಳಿಗೆಯ ಹೊರಮೈ ತೂರಾಡುತ್ತಿತ್ತು,
ಕುಡಿದು ಮನೆಗೆ ಹೊರಟವನ ಹಾಗೆ.
"ಅಲ್ಲಾಡ್ತಿದೆಯಲ್ಲ" ಅಂದೆ.
"ಹೊರಗೆ ಅಲ್ಲಾಡಲಿ ಬಿಡು. ನೀನು ಮುಳ್ಳು ನೋಡು."
ಮುಳ್ಳು ನಿಂತಿತ್ತು, ಕೆಟ್ಟ ಗಡಿಯಾರದ್ದರ ಹಾಗೆ.

ಆಮೇಲೆ ತಿರುಪು ಕೊರೆಯಲು ಇಪ್ಪತ್ತು ನಿಮಿಷ.
ನೀಲಿ ಸುರುಳಿಗಳು ಎಣ್ಣೆ ಹೊಗೆಯಲ್ಲಿ ಬಿದ್ದವು,
ನಾನು ಪೊರಕೆ ಹಿಡಿದು ನಿಂತೇ ಇದ್ದೆ, ಗುಡಿಸಲು ಮರೆತು.
ಸೈಲೆನ್ಸರ್ ಬಂದು ಕೂರುವ ಹೆಗಲನ್ನು ಬೆಳಕಿಗೆ ಹಿಡಿದು ನೋಡಿದಳು,
ಇನ್ನೊಮ್ಮೆ ನೋಡಿದಳು, ತನ್ನನ್ನೇ ನಂಬದವಳಂತೆ.

ಟೆರ್ಹೊ ಬಿಲ್ಲು ಓದಿದ.
"ಇಪ್ಪತ್ತು ನಿಮಿಷದ ಕೆಲಸಕ್ಕೆ?"
"ಅದು ಹುಡುಕಿದ್ದಕ್ಕೆ. ಕೊರೆದದ್ದು ಬಿಟ್ಟಿ."

ಮಾತಿಲ್ಲದೆ ಎಣಿಸಿ ಕೊಟ್ಟ. ಟೋಪಿ ಹಾಕಿಕೊಂಡ.
ಕಿಟಕಿಯಿಂದ ನೋಡಿದೆವು:
ವ್ಯಾನಿನ ಎಡಬಾಗಿಲ ತನಕ ಹೋದವನು ನಿಂತ,
ಸುತ್ತು ಬಳಸಿ, ಹಿಮ ತುಳಿದು, ಬಲಗಡೆಗೆ ಬಂದ.
ಆಮೇಲೆ ಹೆಸರು ಕರೆದ.